ಗದರಿದ ರಾತ್ರಿಯ ಮರುದಿನ

ಪ್ರಶ್ನೆ: ನನ್ನ ತಾಯಿಗೆ ಮರೆವಿನ ಕಾಯಿಲೆ ಶುರುವಾಗಿ 4 ವರ್ಷಗಳಾದವು. ಅವರನ್ನು ನೋಡಿಕೊಳ್ಳಲೆಂದು ಕೆಲಸ ಬಿಟ್ಟಿದ್ದೇನೆ. ಕಳೆದ ವಾರ ಒಂದು ರಾತ್ರಿ ಮೂರನೆಯ ಸಲ ಎದ್ದು ಅವರ ಒದ್ದೆ ಬಟ್ಟೆ ಬದಲಿಸುತ್ತಿದ್ದಾಗ ನನ್ನ ಕೈ ತಳ್ಳಿ, ‘ನೀನು ಯಾರು? ನನ್ನ ಮಗಳನ್ನು ಕರೆ’ ಎಂದರು. ನಾನು ಜೋರಾಗಿ ಗದರಿಬಿಟ್ಟೆ. ಅವರು ಹೆದರಿ ಮುದುಡಿ ಕುಳಿತರು. ‘ಇದೆಲ್ಲ ಒಮ್ಮೆ ಮುಗಿದುಹೋಗಬಾರದೇ’ ಎಂದು ಆಗ ಅನ್ನಿಸಿತು. ಬೆಳಗ್ಗೆ ಅವರಿಗೆ ಏನೂ ನೆನಪಿರಲಿಲ್ಲ, ನನಗೆ ಮಾತ್ರ ಮರೆಯಲಾಗುತ್ತಿಲ್ಲ. ದೂರದಲ್ಲಿರುವ ಅಣ್ಣ ಫೋನಿನಲ್ಲಿ ‘ತಾಳ್ಮೆ ತಂದುಕೋ’ ಎನ್ನುತ್ತಾನೆ. ನಾನು ಕೆಟ್ಟ ಮಗಳೇ?
– ಹೆಸರು, ಊರು ಬೇಡ

ಉತ್ತರ: ಅಲ್ಲ. ಮಿಕ್ಕ ಮಾತೆಲ್ಲ ಆಮೇಲೆ, ಇದನ್ನು ಮೊದಲು ಹೇಳಬೇಕೆನ್ನಿಸಿತು.

ನನ್ನ ತಂದೆ ಪಾರ್ಶ್ವವಾಯುವಿನಿಂದ ಮಲಗಿದ್ದಾಗ, ಕುಡಿಸಿದ ಔಷಧವನ್ನು ಅವರು ಎರಡನೆಯ ಸಲ ಉಗಿದರೆಂದು ಲೋಟವನ್ನು ಮೇಜಿನ ಮೇಲೆ ಕುಕ್ಕಿದ್ದೆ. ಆ ಸದ್ದಿಗೆ ಬೆಚ್ಚಿ, ಸ್ವಾಧೀನದಲ್ಲಿದ್ದ ಒಂದೇ ಕೈಯಿಂದ ಅವರು ಮಂಚದ ಅಂಚನ್ನು ಹಿಡಿದುಕೊಂಡದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ನಿಮ್ಮ ಪತ್ರವನ್ನು ನಾನು ದೂರ ನಿಂತು ಓದಲಿಲ್ಲ.

ಆರೈಕೆ ಮಾಡುವವರ ಮೇಲಿನ ಹೊರೆಯನ್ನು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಜರಿಟ್ ಮತ್ತು ಅವರ ಸಂಗಡಿಗರು 1980ರಲ್ಲಿ ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಅದರ 22 ಪ್ರಶ್ನೆಗಳಲ್ಲಿ, ನೀವು ನೋಡಿಕೊಳ್ಳುತ್ತಿರುವವರ ಬಳಿ ಇರುವಾಗ ನಿಮಗೆ ಸಿಟ್ಟು ಬರುತ್ತದೆಯೇ ಎಂಬುದೂ ಒಂದು. ಪ್ರೀತಿಯಿಂದ ನೋಡಿಕೊಳ್ಳುವವರಿಗೂ ಸಿಟ್ಟು ಬರುತ್ತದೆಂಬುದು ಗೊತ್ತಿದ್ದೇ ಅದನ್ನು ಕೇಳುತ್ತಾರೆ. ರಾತ್ರಿಯಿಡೀ ತುಂಡುತುಂಡಾದ ನಿದ್ದೆ ಯಾರ ಸಹನೆಯನ್ನಾದರೂ ಕರಗಿಸುತ್ತದೆ. ಅದನ್ನು ಸ್ವಭಾವದ ದೋಷವೆಂದು ತಿಳಿಯಬೇಡಿ.

ಆದರೆ ನಿಮ್ಮನ್ನು ಹೆಚ್ಚು ನೋಯಿಸಿದ್ದು ನಿದ್ದೆಗೇಡಲ್ಲ, ‘ನನ್ನ ಮಗಳನ್ನು ಕರೆ’ ಎಂಬ ಮಾತು ಎಂದು ನನಗನ್ನಿಸುತ್ತದೆ. ಕುಟುಂಬಗಳ ಕುರಿತು ಸಂಶೋಧನೆ ಮಾಡಿದ ಅಮೆರಿಕದ ಪಾಲಿನ್ ಬಾಸ್ ಅವರು 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡುತ್ತಾ, ಇದ್ದಾರೆಂದೂ ಹೇಳಲಾಗದ, ಇಲ್ಲವೆಂದೂ ಹೇಳಲಾಗದ ಇಂಥ ಅಗಲಿಕೆಯನ್ನು ‘ಅಸ್ಪಷ್ಟ ನಷ್ಟ’ ಎಂದು ಕರೆದರು. ಮುಂದೆ ಮರೆವಿನ ಕಾಯಿಲೆಯವರ ಮನೆಗಳಲ್ಲೂ ಅದನ್ನೇ ಗುರುತಿಸಿದರು. ತಾಯಿ ಎದುರಿಗೇ ಕುಳಿತಿದ್ದಾರೆ, ಆದರೆ ನಿಮ್ಮನ್ನು ಮಗಳೆಂದು ಕರೆಯುತ್ತಿದ್ದವರು ಇಲ್ಲ. ಸಾವಾಗಿದ್ದರೆ ನಾಲ್ಕು ಜನ ಬಂದು ಸಂತೈಸುತ್ತಿದ್ದರು; ಈ ದುಃಖಕ್ಕೆ ಯಾರೂ ಬರುವುದಿಲ್ಲ. ಮುಗಿದುಹೋಗಬಾರದೇ ಎಂದು ನೀವು ಬಯಸಿದ್ದು ಈ ಸ್ಥಿತಿ ಮುಗಿಯಲೆಂದು, ತಾಯಿ ಹೋಗಲೆಂದಲ್ಲ.

ಈ ಕಾಯಿಲೆಯಲ್ಲಿ ಇತ್ತೀಚಿನ ನೆನಪುಗಳು ಮೊದಲು ಅಳಿಸುತ್ತವೆ, ಹಳೆಯವು ಹೆಚ್ಚು ಕಾಲ ಉಳಿಯುತ್ತವೆ. ಅವರ ಮನಸ್ಸಿನಲ್ಲಿರುವ ಮಗಳು ಬಹುಶಃ ಇನ್ನೂ ಚಿಕ್ಕವಳು. ‘ನಾನೇ ನಿನ್ನ ಮಗಳಮ್ಮ’ ಎಂದು ವಾದಿಸಿದರೆ ಅವರ ಗಾಬರಿಯೇ ಹೆಚ್ಚೀತು. ಅದರ ಬದಲು, ‘ಮಗಳು ಹೇಗಿದ್ದಾಳೆ, ಸ್ವಲ್ಪ ಹೇಳಿ’ ಎಂದು ಕೇಳಿ ನೋಡಿ. ಅವರ ಬಾಯಿಂದ ನಿಮ್ಮ ಬಾಲ್ಯದ ಒಂದು ತುಣುಕು ಬಂದರೂ ಬರಬಹುದು. ಸಿಟ್ಟು ಏರುತ್ತಿದೆಯೆನ್ನಿಸಿದಾಗ, ಅವರು ಬೀಳದಂತೆ ಕೂರಿಸಿ, ಐದು ನಿಮಿಷ ಪಕ್ಕದ ಕೋಣೆಗೆ ಹೋಗಿಬನ್ನಿ. ಬಟ್ಟೆ ಅಷ್ಟು ಹೊತ್ತು ಕಾಯಬಲ್ಲದು.

ರಾತ್ರಿಯ ಎಚ್ಚರ ಇತ್ತೀಚೆಗೆ ಹೆಚ್ಚಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಮೂತ್ರದ ಸೋಂಕು, ಹೇಳಿಕೊಳ್ಳಲಾಗದ ನೋವು, ಕೆಲವು ಔಷಧಗಳು ಗೊಂದಲವನ್ನು ಹೆಚ್ಚಿಸುತ್ತವೆ. ಕೈ ಎತ್ತಿಬಿಡುತ್ತೇನೆಂಬ ಭಯವೋ, ನಾನೇ ಇರಬಾರದು ಎಂಬ ಯೋಚನೆಯೋ ಬಂದರೆ, ಅಂದೇ ಮನೋವೈದ್ಯರನ್ನು ಕಾಣಿರಿ, ಒಬ್ಬರೇ ಇರಬೇಡಿ.

ಇನ್ನು ಅಣ್ಣನ ಮಾತು. ಅವರಿಗೆ ಕೆಟ್ಟ ಮನಸ್ಸಿದೆಯೆಂದು ನಾನು ಹೇಳಲಾರೆ, ಆದರೆ ತಾಳ್ಮೆಯನ್ನು ಫೋನಿನಲ್ಲಿ ಕಳುಹಿಸಲಾಗದು. ‘ಸಹಾಯ ಮಾಡು’ ಎಂದು ಒಟ್ಟಾರೆಯಾಗಿ ಕೇಳಬೇಡಿ. ತಿಂಗಳಲ್ಲಿ ಇಂತಿಷ್ಟು ರಾತ್ರಿ ತಾಯಿಯ ಬಳಿ ನೀನು ಮಲಗಬೇಕು, ಬರಲಾಗದಿದ್ದರೆ ಆ ರಾತ್ರಿಗಳಿಗೆ ಒಬ್ಬ ಸಹಾಯಕಿಯ ಸಂಬಳವನ್ನು ಕೊಡಬೇಕು ಎಂದು ದಿನಾಂಕ ಸಹಿತ ಬರೆದು ಕಳುಹಿಸಿ. ಅವರು ಏನೆಂದರೆಂಬುದನ್ನು ನನಗೂ ತಿಳಿಸಿ.