ಕ್ರೀಡೆ, ಯುದ್ಧ, ವ್ಯಾಪಾರ ಎಲ್ಲವನ್ನೂ ಒಟ್ಟಿಗೆ ಚರ್ಚಿಸುವ ಪಾಡ್‌ಕಾಸ್ಟ್ ಕೇಳುವುದರಿಂದ ಪ್ರಯೋಜನವಿದೆಯೇ?

ಐಪಿಎಲ್ ಪ್ರಸಾರ ಹಕ್ಕಿನಿಂದ ಹಿಡಿದು ಹಾರ್ಮುಜ್ ಜಲಸಂಧಿಯವರೆಗೆ ಒಂದೇ ಸಂಚಿಕೆಯಲ್ಲಿ ಎರಡು ತಾಸು ಮಾತಾಡುವ ಪಾಡ್‌ಕಾಸ್ಟ್‌ಗಳಿಂದ ನಿಜಕ್ಕೂ ಏನಾದರೂ ತಿಳಿಯುತ್ತದೆಯೇ, ಇಲ್ಲ ತಿಳಿದ ಭ್ರಮೆಯಷ್ಟೇ ಹುಟ್ಟುತ್ತದೆಯೇ ಎಂದು ನೀವು ಕೇಳಿದ್ದೀರಿ. ನಾನು ಕಾರವಾರದವನು, ಕೆಲಸದ ನಿಮಿತ್ತ ಅಂಕೋಲಾ, ಕುಮಟಾ, ಶಿರಸಿ ಎಂದು ಓಡಾಡುವಾಗ ಇಂಥ ಮಾತುಕತೆಗಳನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದೇನೆ. ತಿಳಿಯುತ್ತದೆ, ಆದರೆ ಎಲ್ಲ ವಿಷಯಗಳಲ್ಲಿ ಒಂದೇ ಸಮನಾಗಿ ಅಲ್ಲ ಎಂಬುದು ನನ್ನ ಉತ್ತರ. ವಿಷಯ ಬದಲಾದಂತೆ ಮಾತುಗಾರನ ತಿಳಿವಳಿಕೆ ಹೆಚ್ಚುಕಡಿಮೆಯಾಗುತ್ತದೆ, ಆದರೆ ಅವನ ಧ್ವನಿಯಲ್ಲಿರುವ ಭರವಸೆ ಮಾತ್ರ ಕೊನೆಯವರೆಗೂ ಹಾಗೇ ಇರುತ್ತದೆ. ಕೇಳುಗರು ಮೋಸ ಹೋಗುವುದು ಅಲ್ಲಿಯೇ.

ಕ್ರೀಡಾ ಮಾಧ್ಯಮದ ಕುರಿತ ಮಾತುಕತೆಗಳನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅಲ್ಲಿ ಹಣದ ಲೆಕ್ಕ ಬಹಿರಂಗವಾಗಿದೆ. ಕೇಳಿದ್ದನ್ನು ನಾವೇ ತಾಳೆ ನೋಡಬಹುದು. 2018ರಿಂದ 2022ರವರೆಗಿನ ಐಪಿಎಲ್ ಹಕ್ಕುಗಳನ್ನು ಸ್ಟಾರ್ ಸಂಸ್ಥೆ 16,347.5 ಕೋಟಿ ರೂಪಾಯಿಗೆ ಪಡೆದಿತ್ತು. ಮುಂದಿನ ಐದು ವರ್ಷಗಳ ಹಕ್ಕುಗಳು 2022ರ ಜೂನ್‌ನಲ್ಲಿ ನಡೆದ ಇ-ಹರಾಜಿನಲ್ಲಿ 48,390 ಕೋಟಿಗೆ ಹೋದವು; ಭಾರತದ ಟಿವಿ ಹಕ್ಕು 23,575 ಕೋಟಿಗೆ ಡಿಸ್ನಿ ಸ್ಟಾರ್ ಪಾಲಾದರೆ, ಡಿಜಿಟಲ್ ಹಕ್ಕು ವಯಾಕಾಮ್18ಕ್ಕೆ ಸಿಕ್ಕಿತು. 2023ರಲ್ಲಿ ವಯಾಕಾಮ್18ರ ಜಿಯೋಸಿನಿಮಾ ಪಂದ್ಯಗಳನ್ನು ಉಚಿತವಾಗಿ ತೋರಿಸಿತು, 2024ರ ನವೆಂಬರ್‌ನಲ್ಲಿ ಡಿಸ್ನಿ ಸ್ಟಾರ್ ಮತ್ತು ವಯಾಕಾಮ್18 ಒಂದಾದವು. ಇಷ್ಟು ಸಂಗತಿ ಪತ್ರಿಕೆಯಲ್ಲೂ ಸಿಗುತ್ತದೆ. ಒಳ್ಳೆಯ ಪಾಡ್‌ಕಾಸ್ಟ್ ಇದರ ಮುಂದಿನ ಪ್ರಶ್ನೆಗೆ ಸಾವಧಾನವಾಗಿ ಹೋಗುತ್ತದೆ: ಇಬ್ಬರು ಪೈಪೋಟಿಗೆ ಬಿದ್ದು ಏರಿಸಿದ ಬೆಲೆಯನ್ನು ಈಗ ಒಬ್ಬರೇ ತೆರಬೇಕಾಗಿರುವಾಗ, ಮುಂದಿನ ಹರಾಜಿನಲ್ಲಿ ಅವರೆದುರು ಕೂಗುವವರು ಯಾರು? ಶಿರಸಿಯಲ್ಲಿ ರಾಶಿ ಅಡಿಕೆಯನ್ನೋ ಚಾಲಿ ಅಡಿಕೆಯನ್ನೋ ಟೆಂಡರಿಗೆ ಇಟ್ಟವರಿಗೆ, ಖರೀದಿದಾರರು ಕಡಿಮೆಯಾದ ದಿನ ದರ ಏನಾಗುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ. ಭಾರತೀಯ ಕ್ರಿಕೆಟ್ ಮಂಡಳಿಯೊಂದಿಗೆ ಒಪ್ಪಂದದಲ್ಲಿರುವ ವೀಕ್ಷಕ ವಿವರಣೆಕಾರರು ಪಂದ್ಯದ ನಡುವೆ ಈ ಪ್ರಶ್ನೆ ಎತ್ತಿದ್ದನ್ನು ನಾನಂತೂ ಕೇಳಿಲ್ಲ. ಅಂಥ ಒಪ್ಪಂದವಿಲ್ಲದವರ ಮಾತಿಗೆ ಇರುವ ಬೆಲೆ ಇದು.

ಆದರೆ ಪಾಡ್‌ಕಾಸ್ಟ್‌ಗೂ ಅನ್ನದಾತರಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಕೆಲವು ವರ್ಷ ಕ್ರಿಕೆಟ್ ಕುರಿತ ಮಾತುಕತೆಗಳ ನಡುವೆ ಹಣ ಕಟ್ಟಿ ಆಡುವ ಫ್ಯಾಂಟಸಿ ಆಟಗಳ ಜಾಹೀರಾತು ಮತ್ತೆ ಮತ್ತೆ ಬರುತ್ತಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಭಾರತ ತಂಡದ ಅಂಗಿಯ ಮೇಲಿದ್ದ, ಅಂಥ ಆಟ ನಡೆಸುತ್ತಿದ್ದ ಡ್ರೀಮ್11 ಕಂಪನಿಯ ಹೆಸರು ಅಳಿಸಿಹೋಗಿ ಅಪೊಲೊ ಟೈರ್ಸ್ ಬಂತು. ಅಂಥ ಜಾಹೀರಾತು ಓದಿ ಮುಗಿಸಿದ ನಿರೂಪಕ ಅದೇ ಉಸಿರಿನಲ್ಲಿ ಕ್ರೀಡಾ ವ್ಯಾಪಾರದ ನೈತಿಕತೆ ಕುರಿತು ಆಡಿದ ಮಾತನ್ನು ಎಷ್ಟು ತೂಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನು ನಿಮಗೇ ಬಿಡುತ್ತೇನೆ.

ಯುದ್ಧದ ವಿಷಯಕ್ಕೆ ಬಂದರೆ ನನ್ನ ಮಾಪನ ಬೇರೆ, ಅದಕ್ಕೆ ಕಾರಣ ನಾನಿರುವ ಊರು. ಅರ್ಗಾದ ಕದಂಬ ನೌಕಾನೆಲೆ ನಮ್ಮ ಪಕ್ಕದಲ್ಲೇ ಇದೆ. ವಿಕ್ರಮಾದಿತ್ಯ ವಿಮಾನವಾಹಕ ನೌಕೆಗೂ ಅದೇ ನೆಲೆ. ಭಾರತ–ಪಾಕಿಸ್ತಾನ ಸಂಘರ್ಷದ ಹೊತ್ತಿನಲ್ಲಿ, 2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಗೆ ಆದೇಶವಾದಾಗ ಕರ್ನಾಟಕದಿಂದ ಪಟ್ಟಿಯಲ್ಲಿದ್ದ ಮೂರು ಸ್ಥಳಗಳು ಬೆಂಗಳೂರು, ರಾಯಚೂರು ಮತ್ತು ಕಾರವಾರ. ಮರುದಿನ, ಮೇ 8ರ ರಾತ್ರಿ, ಧರ್ಮಶಾಲಾದಲ್ಲಿ ಪಂಜಾಬ್ ಮತ್ತು ಡೆಲ್ಲಿ ತಂಡಗಳ ಐಪಿಎಲ್ ಪಂದ್ಯ 10.1 ಓವರ್‌ಗೆ ನಿಂತುಹೋಯಿತು, ಮೈದಾನದ ದೀಪಗಳು ಆರಿದವು, ಪ್ರೇಕ್ಷಕರನ್ನು ಹೊರಗೆ ಕಳಿಸಲಾಯಿತು. ಅದೇ ರಾತ್ರಿ ಹಲವು ಟಿವಿ ವಾಹಿನಿಗಳು ಭಾರತದ ನೌಕಾಪಡೆ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದೆ ಎಂದು ಸಾರತೊಡಗಿದವು. ನಮ್ಮ ಪಕ್ಕದ ಮನೆಯ ಅಕ್ಕನ ಮಗ ನೌಕಾಪಡೆಯಲ್ಲಿದ್ದಾನೆ. ಅವರು ಕಂಪೌಂಡಿನ ಆಚೆ ನಿಂತು, "ತಮ್ಮಾ, ಟೀವಿಲಿ ಹೇಳ್ತಿರೋದು ಖರೇನೋ?" ಎಂದು ಕೇಳಿದರು. "ಸರ್ಕಾರದವರು ಹೇಳೋತನಕ ನಂಬ್ಬೇಡಿ ಅಕ್ಕಾ, ಟೀವಿ ಬಂದ್ ಮಾಡಿ" ಎಂದೆ. ಅವರು ಬಂದ್ ಮಾಡಲಿಲ್ಲ, ಮಾಡುವಂತೆಯೂ ಇರಲಿಲ್ಲ ಅನ್ನಿ.

ಅಂಥ ದಾಳಿ ನಡೆದೇ ಇರಲಿಲ್ಲ. ಮೇ 11ರ ಪತ್ರಿಕಾಗೋಷ್ಠಿಯಲ್ಲಿ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಹೇಳಿದ್ದು, ನೌಕಾಪಡೆ ಅರಬ್ಬಿ ಸಮುದ್ರದ ಉತ್ತರ ಭಾಗದಲ್ಲಿ, ಕರಾಚಿಯೂ ಸೇರಿದಂತೆ ಆಯ್ದ ಗುರಿಗಳ ಮೇಲೆ ತಾನು ಬಯಸಿದ ಹೊತ್ತಿಗೆ ಎರಗಲು ಸಿದ್ಧವಾಗಿ ನಿಂತಿತ್ತು ಎಂದು. ಸಿದ್ಧವಾಗಿ ನಿಲ್ಲುವುದಕ್ಕೂ ದಾಳಿ ಮಾಡುವುದಕ್ಕೂ ಇರುವ ವ್ಯತ್ಯಾಸ ನೌಕಾಪಡೆಯವರ ಮನೆಮಂದಿಗೆ ಎಂಥದ್ದೆಂದು ವಾಹಿನಿಗಳ ಸ್ಟುಡಿಯೋದಲ್ಲಿ ಕುಳಿತವರಿಗೆ ಹೊಳೆಯಲಿಲ್ಲ. ರಕ್ಷಣಾ ಕಾರ್ಯಾಚರಣೆಗಳನ್ನು ನೇರಪ್ರಸಾರ ಮಾಡಬಾರದೆಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಏಪ್ರಿಲ್ 26ರಂದೇ ಸೂಚನೆ ಕೊಟ್ಟಿತ್ತು, ಆದರೆ ನಡೆಯದ ದಾಳಿಯನ್ನು ಹೀಗೆ ಬಿತ್ತರಿಸುವುದನ್ನು ಆ ಸೂಚನೆ ತಡೆಯಲಿಲ್ಲ.

ಆ ವಾರ ಬಂದ ಪಾಡ್‌ಕಾಸ್ಟ್‌ಗಳಲ್ಲಿ ಎರಡು ಬಗೆಯವು ಇದ್ದವು. ಮರುದಿನವೇ ಮುಗಿಬಿದ್ದು ಹೊರಬಂದವು ಟಿವಿಯ ಮಾತನ್ನೇ ತುಸು ತಗ್ಗಿದ ಸ್ವರದಲ್ಲಿ ಉರು ಹೊಡೆದವು. ಕೆಲವು ವಾರ ಬಿಟ್ಟು ಬಂದವುಗಳಲ್ಲಿ ಮಾತ್ರ ಕೇಳಬೇಕಾದ ಸಂಗತಿಗಳಿದ್ದವು: ನಿಂತುಹೋದ ಪಂದ್ಯಾವಳಿಗೆ ವಿಮೆ ಹೇಗೆ ಅನ್ವಯಿಸುತ್ತದೆ, ಯುದ್ಧದಂಥ ಅನಿವಾರ್ಯ ಸಂದರ್ಭದಲ್ಲಿ ಪ್ರಸಾರಕರ ಒಪ್ಪಂದ ಏನಾಗುತ್ತದೆ, ಊರಿಗೆ ಮರಳಿದ ವಿದೇಶಿ ಆಟಗಾರರನ್ನು ಮತ್ತೆ ಕರೆಸುವ ಹೊಣೆ ಯಾರದು. ಪಂದ್ಯಾವಳಿ ಮೇ 17ಕ್ಕೆ ಮತ್ತೆ ಆರಂಭವಾಗಿ, ಫೈನಲ್ ಮೇ 25ರಿಂದ ಜೂನ್ 3ಕ್ಕೆ ಹೋಯಿತು. ಇಂಥ ಕಡೆ ಕ್ರೀಡೆ, ಮಾಧ್ಯಮ, ಯುದ್ಧ, ವ್ಯಾಪಾರಗಳನ್ನು ಒಟ್ಟಿಗೆ ಮಾತಾಡುವುದೇ ಸರಿಯಾದ ಕ್ರಮ, ಏಕೆಂದರೆ ಸಂಗತಿಯೇ ಒಟ್ಟಿಗೆ ಇದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಗೆದ್ದ ಭಾರತ ತಂಡ ಮೊಹ್ಸಿನ್ ನಖ್ವಿಯವರ ಕೈಯಿಂದ ಟ್ರೋಫಿ ಸ್ವೀಕರಿಸಲಿಲ್ಲ. ಅವರು ಏಷ್ಯನ್ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಹೌದು, ಪಾಕಿಸ್ತಾನದ ಕ್ರಿಕೆಟ್ ಮಂಡಳಿಯ ಮುಖ್ಯಸ್ಥರೂ ಹೌದು, ಆ ದೇಶದ ಒಳಾಡಳಿತ ಸಚಿವರೂ ಹೌದು. ಬರೀ ಆಟ ಬಲ್ಲವರು ಇದನ್ನು ವಿವರಿಸಲು ಹೊರಟರೆ ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ.

ನಿವೃತ್ತ ಸೇನಾಧಿಕಾರಿಗಳು ಅತಿಥಿಗಳಾಗಿ ಬಂದಾಗ ಒಂದು ಎಚ್ಚರ ಬೇಕು. ಒಂದು ಹಡಗುಪಡೆ ಹೇಗೆ ಚಲಿಸುತ್ತದೆ, ವಿಮಾನವಾಹಕದ ಸುತ್ತ ಬೇರೆ ನೌಕೆಗಳು ಏಕೆ ಇರಬೇಕಾಗುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಹೇಳುವವರಿಲ್ಲ. ಆದರೆ ನಾಳೆ ಏನಾಗುತ್ತದೆ ಎಂದು ನಿರೂಪಕ ಕೇಳಿದ ಕೂಡಲೇ ಅವರ ಮಾತು ಚಹಾದಂಗಡಿಯ ಮಾತಿನ ಮಟ್ಟಕ್ಕೆ ಇಳಿಯುತ್ತದೆ, ಮತ್ತು ಆ ಪ್ರಶ್ನೆಯನ್ನು ಕೇಳದ ನಿರೂಪಕರು ವಿರಳ.

ವ್ಯಾಪಾರ ಮತ್ತು ಜಾಗತಿಕ ವಿದ್ಯಮಾನಗಳಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ಕೆಂಪು ಸಮುದ್ರದ ಪ್ರಕರಣ. 2023ರ ನವೆಂಬರ್ 19ರಂದು ಯೆಮೆನ್‌ನ ಹೌತಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಹಡಗನ್ನು ವಶಪಡಿಸಿಕೊಂಡ ಮೇಲೆ ದೊಡ್ಡ ಕಂಟೇನರ್ ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ಗುಡ್‌ಹೋಪ್ ಭೂಶಿರ ಸುತ್ತಿ ಹೋಗತೊಡಗಿದವು. ಸುತ್ತು ದಾರಿಯಿಂದ ಇಂಧನದ ಖರ್ಚು ಏರುತ್ತದೆ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಪಾಡ್‌ಕಾಸ್ಟ್ ಕೇಳಿದ ಮೇಲಷ್ಟೇ ನನಗೆ ಅರ್ಥವಾದದ್ದೇನೆಂದರೆ, ಪ್ರತಿ ಹಡಗೂ ಹೆಚ್ಚು ದಿನ ಸಮುದ್ರದಲ್ಲೇ ಕಳೆಯುವುದರಿಂದ ಬಂದರುಗಳಿಗೆ ಸಿಗುವ ಹಡಗುಗಳೂ ಖಾಲಿ ಕಂಟೇನರ್‌ಗಳೂ ಕಡಿಮೆಯಾಗಿ, ಕೆಂಪು ಸಮುದ್ರಕ್ಕೆ ಸಂಬಂಧವೇ ಇಲ್ಲದ ಮಾರ್ಗಗಳಲ್ಲೂ ಬಾಡಿಗೆ ಏರುತ್ತದೆ. ಸೀಗಡಿಯನ್ನು ಹೊರದೇಶಕ್ಕೆ ಕಳಿಸುವವರಿಗೆ ಇದು ತಾತ್ವಿಕ ಚರ್ಚೆಯಲ್ಲ. ಮೇಲಿಂದ 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು.

ನಮ್ಮ ಜಿಲ್ಲೆಗೆ ತಟ್ಟುವ ಎಷ್ಟೋ ವಿಷಯಗಳನ್ನು ಈ ಕಾರ್ಯಕ್ರಮಗಳು ಮುಟ್ಟುವುದೇ ಇಲ್ಲ. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗದ ಸರಕನ್ನು ತರಿಸುವಂತಿಲ್ಲ ಎಂಬ ಮಿತಿಯ) ಷರತ್ತಿಲ್ಲದೆ ತರಿಸಿಕೊಳ್ಳಲು 2022ರ ಸೆಪ್ಟೆಂಬರ್‌ನಲ್ಲಿ ಅನುಮತಿ ಕೊಟ್ಟದ್ದು, 2023ರ ಫೆಬ್ರವರಿಯಲ್ಲಿ ಆ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು, ಇವೆರಡೂ ವಿದೇಶಾಂಗ ನೀತಿ ಮತ್ತು ವ್ಯಾಪಾರ ಕೂಡುವ ಜಾಗಗಳೇ. ಇಂಗ್ಲಿಷ್ ನಿರೂಪಕರು ಇದನ್ನು ಚರ್ಚಿಸಲಿ ಎಂದು ಕಾಯುವುದು ವ್ಯರ್ಥ. ಕನ್ನಡದಲ್ಲಿ 2018ರಿಂದ ಬಂದ ತಲೆ-ಹರಟೆ ಪಾಡ್‌ಕಾಸ್ಟ್ ನೀತಿ, ಅರ್ಥಶಾಸ್ತ್ರಗಳನ್ನು ಅತಿಥಿಗಳೊಂದಿಗೆ ಸಾವಕಾಶವಾಗಿ ಮಾತಾಡಿ ಒಂದು ದಾರಿ ತೋರಿಸಿದೆ. ಅಡಿಕೆಯ ಬಗ್ಗೆ ಅದೇ ನಿಧಾನದಲ್ಲಿ ಮಾತಾಡುವವರು ಮಲೆನಾಡಿನಿಂದಲೇ ಬರಬೇಕು.

ನಿಮಗೆ ನನ್ನ ಸಲಹೆಯೆಂದರೆ, ಪ್ರಸಾರ ಹಕ್ಕಿನಂಥ ಲೆಕ್ಕ ಸಿಗುವ ವಿಷಯದ ಸಂಚಿಕೆಯಿಂದ ಆರಂಭಿಸಿ, ನಿರೂಪಕ ಹೇಳಿದ ಅಂಕಿಗಳನ್ನು ಒಮ್ಮೆ ಪರೀಕ್ಷಿಸಿ ನೋಡಿ. ಅಲ್ಲಿ ಎಡವದವನ ಯುದ್ಧದ ಸಂಚಿಕೆಯನ್ನು ಆಮೇಲೆ ಕೇಳಿದರಾಯಿತು, ಅದೂ ಹೊರಬಂದು ಒಂದು ತಿಂಗಳಾದ ಮೇಲೆ. ನೀವೂ ನನ್ನಂತೆ ಶಿರಸಿ–ಕುಮಟಾ ರಸ್ತೆಯಲ್ಲಿ ಓಡಾಡುವವರಾದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್‌ನ ಭರವಸೆ ಇಲ್ಲ.