ಎಲ್ಲ ಗಂಧೆಯೂ ಪಿತ್ತದ್ದಲ್ಲ

ಶ್ರೀನಿವಾಸಪುರ ತಾಲ್ಲೂಕಿನಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ಅತ್ತೆಗೆ ಉರಿಮೂತ್ರವಾಗಿ ಡಾಕ್ಟರ್ ಐದು ದಿನದ ಆಂಟಿಬಯೋಟಿಕ್ ಕೊಟ್ಟಿದ್ದಾರೆ. ಮೂರನೇ ದಿನ ಮೈಮೇಲೆ ಗಂಧೆ ಎದ್ದಿದೆ, ಭೇದಿಯೂ ಶುರುವಾಗಿದೆ. ‘ಪಿತ್ತ ಕಣೆ, ಮಾತ್ರೆ ಹೀಟು. ಮಾವು ಕೀಳೋ ಟೈಮಲ್ಲಿ ಆಸ್ಪತ್ರೆ ಯಾಕೆ’ ಅಂತಾರಂತೆ ಅತ್ತೆ. ‘ಕಾಯಬಹುದಾ ಸರ್?’ ಎಂಬುದು ಪ್ರಶ್ನೆ.

ಬೇಡಮ್ಮ, ಕಾಯಬೇಡಿ. ಪತ್ರ ಓದಿದ ದಿನವೇ ಫೋನ್ ಮಾಡಿ ಹೇಳಿದ್ದೆ. ಬೇರೆ ಮನೆಗಳಿಗೂ ಬೇಕಾದ ಮಾತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಮ್ಮನಿಗೂ ಹೀಗೇ ಆಗಿತ್ತು. ಪಿತ್ತದ ಗಂಧೆ ಅಂತ ಕಂಬಳಿಯಲ್ಲಿ ಮೈ ಉಜ್ಜಿ ಮಲಗಿಸಿದೆವು. ರಾತ್ರಿ ಅವನ ತುಟಿ ಊದಿಕೊಂಡಿತು. ಆಸ್ಪತ್ರೆಗೆ ಓಡಿದ್ದಕ್ಕೆ ಉಳಿದ. ಪೆನ್ಸಿಲಿನ್, ಸಲ್ಫಾ ಜಾತಿಯ ಆಂಟಿಬಯೋಟಿಕ್ ಕೆಲವರಿಗೆ ಒಗ್ಗುವುದಿಲ್ಲ. ಗಂಧೆ ಎದ್ದರೆ ಮುಂದಿನ ಮಾತ್ರೆ ನುಂಗುವ ಮೊದಲು ಡಾಕ್ಟರನ್ನು ಕೇಳಿ. ತುಟಿ, ನಾಲಿಗೆ, ಮುಖ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಯಾರನ್ನೂ ಕೇಳಬೇಡಿ, 108ಕ್ಕೆ ಫೋನ್ ಮಾಡಿ. ಬಾಯೊಳಗೆ ಬೊಬ್ಬೆ ಬಂದು ಚರ್ಮ ಸುಲಿಯತೊಡಗಿದರೂ ಅಷ್ಟೇ ಅವಸರ.

‘ಕೋರ್ಸ್ ಅರ್ಧಕ್ಕೆ ಬಿಡಬಾರದು ಅಂತಾರಲ್ಲ’ ಎಂದೂ ಕೇಳಿದ್ದೀರಿ. ಜ್ವರ ಇಳಿಯಿತು, ಸಾಕು ಅಂತ ನಾವೇ ನಿಲ್ಲಿಸುವವರಿಗೆ ಹೇಳುವ ಮಾತು ಅದು. ಮೈಗೆ ಒಗ್ಗದ ಮಾತ್ರೆಯನ್ನು ಹಟ ಹಿಡಿದು ಮುಗಿಸಿ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಬೇರೆ ಮಾತ್ರೆ ಬರೆದುಕೊಡುತ್ತಾರೆ.

ಇನ್ನು ಭೇದಿ. ಈ ಮಾತ್ರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ದಿನಕ್ಕೆ ಎರಡು ಸಲ ತೆಳ್ಳಗೆ ಹೋದರೆ ಗಾಬರಿ ಬೇಡ, ಓಆರ್‌ಎಸ್ ಕುಡಿಸಿ. ನೀರಿನಂತೆ ಮತ್ತೆ ಮತ್ತೆ ಹೋದರೆ, ರಕ್ತ ಕಂಡರೆ, ಜ್ವರ, ಹೊಟ್ಟೆನೋವು ಸೇರಿದರೆ ತೋರಿಸಲೇಬೇಕು. ಭೇದಿ ನಿಲ್ಲಿಸುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ಕೊಡಬೇಡಿ, ಒಳಗಿನ ಕಾಯಿಲೆ ಜಾಸ್ತಿ ಆಗಬಹುದು. ಕೋರ್ಸ್ ಮುಗಿದು ಕೆಲವು ವಾರ ಆದಮೇಲೂ ಇಂಥ ಭೇದಿ ಬರಬಹುದು. ಆಗ ಹಳೆಯ ಮಾತ್ರೆಯ ಹೆಸರು ಹೇಳಲು ಮರೆಯಬೇಡಿ.

ಎರಡು ಮೂರು ದಿನವಾದರೂ ಉರಿ ಕಡಿಮೆಯಾಗದಿದ್ದರೆ ಮತ್ತೆ ಹೋಗಿ. ಚಳಿಜ್ವರ, ವಾಂತಿ, ಸೊಂಟದ ಮೇಲೆ ಪಕ್ಕೆಯಲ್ಲಿ ನೋವು ಕಾಣಿಸಿದರೆ ಅಷ್ಟು ದಿನವೂ ಕಾಯಬೇಡಿ, ಸೋಂಕು ಕಿಡ್ನಿಗೆ ಏರಿರಬಹುದು.

ಹೋಗುವಾಗ ಖಾಲಿ ಸ್ಟ್ರಿಪ್ಪನ್ನೂ ಅತ್ತೆಯ ಶುಗರ್, ಬಿಪಿ ಮಾತ್ರೆಗಳನ್ನೂ ಒಯ್ಯಿರಿ. ಯಾವ ಔಷಧಿ ಆಗುವುದಿಲ್ಲ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ನನ್ನ ತಮ್ಮ ಆ ಚೀಟಿಯನ್ನು ಇವತ್ತಿಗೂ ಪರ್ಸಿನಲ್ಲೇ ಇಟ್ಟುಕೊಂಡಿದ್ದಾನೆ.