ಶ್ವಾಸಕೋಶ ಕಸಿಯಾಗಿ ಐದು ವಾರ: ಊದುವ ಅಂಕೆ ಇಳಿದರೆ ಕಾಯಬಹುದಾ?

ಬದಿಯಡ್ಕದಿಂದ ಕೇಳಿದವರಿಗೆ: ಅಪ್ಪನಿಗೆ ಶ್ವಾಸಕೋಶ ಕಸಿಯಾಗಿ ಐದು ವಾರ, ಉಸಿರು ಅಳೆಯುವ ಸ್ಪೈರೋಮೀಟರಿನಲ್ಲಿ ಊದಿದ ಅಂಕೆ 2.1ರಿಂದ 1.8ಕ್ಕೆ ಇಳಿದಿದೆ, ಜ್ವರ ಇಲ್ಲ, ಮುಂದಿನ ತಪಾಸಣೆವರೆಗೆ ಕಾಯಬಹುದಾ ಅಂತ ಕೇಳಿದ್ದೀರಿ. ಕಾಯಬೇಡಿ. ಇವತ್ತೇ ಕಸಿ ಮಾಡಿದ ತಂಡಕ್ಕೆ ಫೋನ್ ಮಾಡಿ. ಶೇ. 10ರಷ್ಟು ಇಳಿದರೇ ತಿಳಿಸಬೇಕು, ನಿಮ್ಮದು ಶೇ. 14 ಆಯ್ತಲ್ಲ.

ಮೊದಲ 72 ಗಂಟೆಯಲ್ಲಿ ಹೊಸ ಶ್ವಾಸಕೋಶದಲ್ಲಿ ನೀರು ತುಂಬಿ ಕೈಕೊಡುವ ಭಯ ಬೇರೆ. ಅದನ್ನು ನೀವು ದಾಟಿದ್ದೀರಿ. ಈಗಿನದ್ದು ದೇಹ ಹೊಸ ಅಂಗವನ್ನು ಒಪ್ಪದಿರುವುದು ಇರಬಹುದು, ಸೋಂಕು ಇರಬಹುದು, ಹೊಲಿಗೆ ಹಾಕಿದಲ್ಲಿ ಶ್ವಾಸನಾಳ ಕಿರಿದಾಗಿರಲೂಬಹುದು. ಹೊರಗಿನಿಂದ ಮೂರೂ ಒಂದೇ ತರ ಕಾಣುತ್ತವೆ. ಸಾಮಾನ್ಯವಾಗಿ ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಶ್ವಾಸನಾಳದೊಳಗೆ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಒಳಗಿಂದ ಚೂರು ತೆಗೆದು ನೋಡುತ್ತಾರೆ. ಜ್ವರ ಇಲ್ಲ ಅಂತ ಸುಮ್ನೆ ಕೂರಬೇಡಿ. ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ.

ನನ್ನ ಭಾವನಿಗೂ ಕಸಿಯಾಗಿತ್ತು. ಮನೆಗೆ ಬಂದ ವಾರದಲ್ಲೇ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರೆ ಇವರು ಜಗಲಿಯಲ್ಲಿ ಮಾಸ್ಕ್ ಗಲ್ಲಕ್ಕೆ ಇಳಿಸಿಕೊಂಡು ಹರಟೆ! ಅಕ್ಕ ಬೈದು ಒಳಗೆ ಕಳಿಸಿದಳು. ಒಣ ಸಿಪ್ಪೆಯ ಧೂಳು, ಹಳೇ ಬೈಹುಲ್ಲು, ಗೊಬ್ಬರದ ಗುಂಡಿ, ಇಲ್ಲೆಲ್ಲ ಆಸ್ಪರ್ಜಿಲಸ್ ಅನ್ನುವ ಬೂಷ್ಟು ಇರುತ್ತದೆ. ನಮಗೆ ಏನೂ ಆಗದು, ಅವರಿಗೆ ಅದೇ ಸೋಂಕು.

ಅಷ್ಟರಲ್ಲಿ ಪಕ್ಕದ ಮೆಡಿಕಲ್‌ನಿಂದ ಆಂಟಿಬಯೋಟಿಕ್ ತರಬೇಡಿ. ಕ್ಲಾರಿಥ್ರೋಮೈಸಿನ್‌ನಂಥವು ರಕ್ತದಲ್ಲಿ ಟ್ಯಾಕ್ರೋಲಿಮಸ್, ಅಂದರೆ ದೇಹ ಹೊಸ ಅಂಗವನ್ನು ಒಪ್ಪಲಿ ಅಂತ ಕೊಡುವ ಮದ್ದಿನ ಮಟ್ಟ, ಏರಿಸುತ್ತವೆ. ತೋಟದ ಚಕ್ಕೋತವೂ ಹಾಗೇ, ಕೊಡಬೇಡಿ. ಟ್ಯಾಕ್ರೋಲಿಮಸ್ ಮಟ್ಟ ನೋಡಲು ರಕ್ತ ಕೇಳಿದರೆ ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆ.